ಹಾವು ಮುಟ್ಟಿದ ಕೈ

ಮಲೆನಾಡಿನಲ್ಲಿ ಹುಟ್ಟಿದ ಮಗುವಿಗೆ ಹಾವನ್ನು ಕಾಣುವ ಮೊದಲೇ ಹಾವಿನ ವಿಷಯವೆಲ್ಲ ಗೊತ್ತಿರುತ್ತದೆ. ಕೇರೆಗೆ ವಿಷ ಇರುವುದು ಬಾಲದಲ್ಲಿ. ಬಾಲ ಬೀಸಿ ಹೊಡೆದರೆ ಹೊಡೆದ ಜಾಗ ಕೊಳೆಯುತ್ತದೆ. ಹಸಿರು ಹಾವು ಗಿಡದಿಂದ ಹಾರಿ ಕಣ್ಣಿಗೇ ಕುಕ್ಕುತ್ತದೆ. ನಾಗರಕ್ಕೆ ಪೆಟ್ಟು ಕೊಟ್ಟು ಜೀವಸಹಿತ ಬಿಟ್ಟರೆ ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ. ರಾತ್ರಿ ಕೊಟ್ಟಿಗೆಗೆ ಬಂದ ಕೇರೆ ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಹಾಲು ಕುಡಿದು ಹೋಗುತ್ತದೆ. ಇವನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಅಡಕೆ ಸುಲಿಯುವ ರಾತ್ರಿಗಳಲ್ಲಿ ಕಿವಿಗೆ ಬಿದ್ದದ್ದು. ಮೆಟ್ಟುಗತ್ತಿ ಮುಂದೆ ಕೂತವರಲ್ಲಿ ಒಬ್ಬರು ಹಾವಿನ ಸುದ್ದಿ ತೆಗೆದರೆ ಸಾಕು, ಉಳಿದವರೆಲ್ಲರ ಬಳಿಯೂ ಒಂದೊಂದು ಹಾವು ಇರುತ್ತಿತ್ತು. ಮಕ್ಕಳಾದ ನಾವು ಚಾಪೆಯ ಮೇಲೆ ಕಾಲು ಮಡಚಿಕೊಂಡು, ಕತ್ತಲಿನ ಕಡೆಗೆ ಬೆನ್ನು ಹಾಕದೆ, ಕೇಳುತ್ತಿದ್ದೆವು.

ಆ ಕಥೆಗಳನ್ನು ನಾನು ತಳ್ಳಿಹಾಕುವುದಿಲ್ಲ. ಕರೆಂಟಿಲ್ಲದ ಮನೆ, ಬರಿಗಾಲಿನ ನಡಿಗೆ, ಆಸ್ಪತ್ರೆಗೆ ಹೋಗಬೇಕೆಂದರೆ ಹೊಳೆ ದಾಟಿ ಅರ್ಧ ದಿನದ ದಾರಿ. ಅಂಥ ಕಾಲದಲ್ಲಿ ಮಕ್ಕಳನ್ನು ಹಾವಿನಿಂದ ದೂರ ಇಡಲು ಹಿರಿಯರ ಬಳಿ ಇದ್ದ ಉಪಾಯ ಹೆದರಿಕೆಯೊಂದೇ. ಹಸಿರು ಹಾವಿನ ಮಾತಿನಲ್ಲಿ ಅರ್ಧ ನಿಜವೂ ಇದೆ. ಅದು ಪೊದೆಯ ಮೇಲೆ ನಮ್ಮ ಮುಖದ ಮಟ್ಟದಲ್ಲೇ ಇರುತ್ತದೆ, ಕೆಣಕಿದರೆ ಮುಖದ ಕಡೆಗೇ ಬಾಯಿ ಹಾಕುತ್ತದೆ. ಅದರ ವಿಷ ಓತಿಕ್ಯಾತ, ಕಪ್ಪೆಗಳಿಗೆ ಸಾಕು, ಮನುಷ್ಯನನ್ನು ಕೊಲ್ಲುವಂಥದ್ದಲ್ಲ. ಹಾಲಿನ ಮಾತಿನಲ್ಲಿ ಮಾತ್ರ ಏನೂ ನಿಜವಿಲ್ಲ. ಹೀರಿ ಕುಡಿಯುವುದಕ್ಕೆ ಬೇಕಾದ ಮೆತ್ತನೆ ತುಟಿಯಾಗಲಿ ಕೆನ್ನೆಯಾಗಲಿ ಹಾವಿಗಿಲ್ಲ. ಒಳಕ್ಕೆ ಬಾಗಿದ ಆ ಸೂಜಿಹಲ್ಲು ಮೊಲೆಗೆ ತಾಗಿದರೆ ಯಾವ ಹಸುವೂ ಸುಮ್ಮನೆ ನಿಲ್ಲುವುದಿಲ್ಲ. ಕೇರೆ ಕೊಟ್ಟಿಗೆಗೆ ಬರುವುದು ಹಿಂಡಿ ಚೀಲಕ್ಕೆ ಬರುವ ಇಲಿಗಾಗಿ. ಕಥೆಗಳ ನಿಜ ಸುಳ್ಳಿಗಿಂತ ನನಗೆ ಈಗ ದೊಡ್ಡದಾಗಿ ಕಾಣುವುದು ಇನ್ನೊಂದು. ಅಷ್ಟೂ ಕಥೆಗಳಲ್ಲಿ ಹಾವನ್ನು ಕಂಡವರಿದ್ದರು, ಹೊಡೆದವರಿದ್ದರು, ಕಚ್ಚಿಸಿಕೊಂಡು ಬದುಕಿದವರಿದ್ದರು, ಬದುಕದವರೂ ಇದ್ದರು. ಮುಟ್ಟಿ ನೋಡಿದವರು ಒಬ್ಬರೂ ಇರಲಿಲ್ಲ.

ನಾನು ಮುಟ್ಟುವ ಹಾಗಾದದ್ದು ನವಿಲಿನ ದೆಸೆಯಿಂದ. ಮೊದಲು ನಮ್ಮ ಕಡೆ ನವಿಲು ಕಾಣಬೇಕೆಂದರೆ ಕಾಡಿಗೇ ಹೋಗಬೇಕಿತ್ತು. ಈಗ ಹಿತ್ತಿಲಿಗೇ ಬರುತ್ತವೆ. ಹರಿವೆ ಮೊಳಕೆ ಎರಡೆಲೆ ಬಿಡುವುದರೊಳಗೆ ಮಡಿ ಕೆದರಿ ಹೋಗಿರುತ್ತವೆ. ನವಿಲಿಗೆ ಕಲ್ಲು ಹೊಡೆಯುವಂತಿಲ್ಲ, ಹೊಡೆಯುವ ಮನಸ್ಸೂ ಇಲ್ಲ. ಹಾಗಾಗಿ ಎಲ್ಲರ ಮನೆಯಲ್ಲೂ ಸೊಪ್ಪಿನ ಮಡಿಯ ಸುತ್ತ ನೈಲಾನ್ ಬಲೆ ಬಂತು. ಪೇಟೆಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ, ಗೂಟ ಹೊಡೆದು ಕಟ್ಟಿದರೆ ಮುಗಿಯಿತು. ನೆಲಕ್ಕೆ ತಾಗಿ ಬಿದ್ದಿರುವ ಅದರ ಸೆರಗಿನಲ್ಲಿ ಏನೇನು ಸಿಕ್ಕಿಕೊಳ್ಳುತ್ತದೆ ಎಂಬುದು ಗೊತ್ತಾಗುವುದು ಆಮೇಲೆ. ಹಾವಿನ ತಲೆ ಸಣ್ಣದು, ಬಲೆಯ ಕಣ್ಣಿನೊಳಗೆ ಸಲೀಸಾಗಿ ಹೋಗುತ್ತದೆ. ಹೊಟ್ಟೆಯ ಭಾಗ ದಪ್ಪ, ಅಲ್ಲಿ ನಿಲ್ಲುತ್ತದೆ. ಮುಂದೆ ಹೋಗಲಾರದೆ ಹಿಂದಕ್ಕೆ ಸರಿದರೆ ಹುರುಪೆಗಳ ಅಂಚಿಗೆ ದಾರ ಸಿಕ್ಕುತ್ತದೆ. ಆಮೇಲೆ ಅದು ಎಷ್ಟು ಹೊರಳಿದರೂ ಇನ್ನೊಂದು ಕಣ್ಣಿಗೆ ಕುತ್ತಿಗೆ ಕೊಟ್ಟಂತೆಯೇ.

ಆರಿದ್ರಾ ಮಳೆ ಹೊಳವಾದ ಒಂದು ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದ ಅತ್ತೆ ಅಲ್ಲಿಂದಲೇ ಕೂಗಿದರು, "ಹುಳ ಸಿಕ್ಕಿಬಿದ್ದಿದೆ, ಯಾರಾದ್ರೂ ಬನ್ರೇ." ನಾನು ಓಡಿದೆ. ಪಕ್ಕದ ಮನೆಯ ಭಾವನವರು ದೊಣ್ಣೆ ಹಿಡಿದೇ ಬಂದರು. ಬಲೆಯ ಮೂಲೆಯಲ್ಲಿ ಕಂದು ಬಣ್ಣದ ಮುದ್ದೆ. ಒಂದು ಮಾರಿಗಿಂತ ಉದ್ದದ ಹಾವು ಅಷ್ಟು ಸಣ್ಣದಾಗಿ ಮುದುಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಮ್ಮನ್ನು ಕಂಡೊಡನೆ ಗಂಟಲುಬ್ಬಿಸಿ ಗುರ್ ಎಂದಿತು. "ನಾಗರನೇ ಇರಬೇಕು, ಹೆಡೆ ಎತ್ತುತ್ತಿದೆ" ಎಂದರು ಭಾವ. ದೊಣ್ಣೆ ಕೆಳಗಿಡಿ ಎಂದು ಅವರಿಗೆ ಹೇಳಿ ಮಾಷ್ಟ್ರಿಗೆ ಫೋನು ಮಾಡಿದೆ.

ನಮ್ಮ ಸುತ್ತಿನ ಊರುಗಳಲ್ಲಿ ಮಾಷ್ಟ್ರು ಎಂದರೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ, ಶಾಲೆಯ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಹಾವು ಹಿಡಿದು ಬಿಡುವ ಒಬ್ಬರೇ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದವರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಾಗೆ ಒಪ್ಪಿಗೆ ಇಲ್ಲದೆ ಕಾಡುಹಾವನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಬಂದವರು ಹತ್ತಿರ ಹೋಗಲಿಲ್ಲ. ಚಪ್ಪಲಿ ಗಟ್ಟಿ ಮಾಡಿಕೊಂಡು ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು ಸುಮಾರು ಹೊತ್ತು ನೋಡಿದರು. "ಕೇರೆ. ಕಣ್ಣು ಎಷ್ಟು ದೊಡ್ಡದಿದೆ ನೋಡಿ. ತುಟಿ ಅಂಚಿಗೆ ಕಪ್ಪು ಗೀಟು ಕಾಣ್ತಾ? ನಾಗರಕ್ಕೆ ಇಷ್ಟು ಸಪೂರ ಕುತ್ತಿಗೆ ಇರಲ್ಲ. ಇದು ಕುತ್ತಿಗೆ ಉಬ್ಬಿಸಿದ್ದು ಮೇಲೆ ಕೆಳಗೆ. ನಾಗರ ಅಗಲಕ್ಕೆ ಬಿಡಿಸುತ್ತೆ." ಅವರ ಮಾತಿನ ನಂತರವೇ ನನಗೆ ಅದು ಹಾವಿನ ಹಾಗೆ ಕಂಡದ್ದು, ಅಲ್ಲಿಯವರೆಗೆ ಕಂಡದ್ದು ಹೆದರಿಕೆ ಮಾತ್ರ. ಆ ಕಣ್ಣನ್ನು ನಾನು ಮರೆಯಲಾರೆ. ದುಂಡು ಪಾಪೆ, ಸುತ್ತ ಚಿನ್ನದ ಬಣ್ಣ. ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಪಾರದರ್ಶಕ ಹುರುಪೆಯೊಂದು ಮುಚ್ಚಿರುತ್ತದೆ, ಪೊರೆ ಬಿಡುವಾಗ ಅದೂ ಪೊರೆಯ ಜೊತೆಗೇ ಕಳಚುತ್ತದೆ. ಅಟ್ಟದಲ್ಲಿ ಸಿಗುವ ಪೊರೆಯನ್ನು ಬೆಳಕಿಗೆ ಹಿಡಿದರೆ ಕಣ್ಣಿನ ಜಾಗದಲ್ಲಿ ಆ ಪುಟ್ಟ ಬಿಲ್ಲೆಗಳು ಸ್ಪಷ್ಟವಾಗಿ ಕಾಣುತ್ತವೆ.

ಮಾಷ್ಟ್ರು ಸಣ್ಣ ಕತ್ತರಿ ಕೇಳಿದರು. ಹೊಲಿಗೆ ಮೆಷಿನ್ನಿನ ಡ್ರಾದಿಂದ ದಾರ ಕತ್ತರಿಸುವ ಕತ್ತರಿ ತಂದುಕೊಟ್ಟೆ. ಅವರು ಬಲೆಯ ಸಮೇತ ಹಾವಿನ ತಲೆಯ ಹಿಂದೆ ಮೆಲ್ಲಗೆ ಹಿಡಿದು, ಬಲೆಯನ್ನು ಗೂಟದಿಂದ ಬಿಡಿಸಿ ನೆರಳಿಗೆ ತಂದರು. ಆಮೇಲೆ ತೊಡಕಾಯಿತು. ಒಂದು ಕೈ ತಲೆಗೆ, ಒಂದು ಕೈ ಕತ್ತರಿಗೆ. ಮೈಯನ್ನು ಹಿಡಿಯುವವರು ಬೇಕು.

"ಒಬ್ರು ಬನ್ನಿ. ಇದು ಸೆಳ್ಕೊಂಡಷ್ಟೂ ದಾರ ಮಾಂಸಕ್ಕಿಳಿಯುತ್ತೆ."

ಭಾವ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ನಾನು ಹೋದೆ.

"ಬಿಗಿಯಾಗಿ ಹಿಡೀಬೇಡಿ ಅಕ್ಕಾ. ಕೆಳಗಿಂದ ಕೈ ಕೊಡಿ, ಬೀಳದ ಹಾಗೆ. ಅದು ಸರಿದರೆ ನಿಮ್ಮ ಕೈಯೂ ಸರೀಲಿ."

ಎರಡೂ ಅಂಗೈ ಅದರ ಹೊಟ್ಟೆಯ ಕೆಳಗೆ ಕೊಟ್ಟೆ. ಲೋಳೆ ಇರಬಹುದು ಎಂದು ಮೈ ಮುಂಚೆಯೇ ಜುಮ್ಮೆಂದಿತ್ತು. ಲೋಳೆ ಇರಲಿಲ್ಲ. ಚೆನ್ನಾಗಿ ಒಣಗಿದ ಅಡಕೆ ಹಾಳೆಯ ಒಳಮೈ ಸವರಿದರೆ ಹೇಗಿರುತ್ತದೋ ಹಾಗೆ: ಒಣ, ನುಣುಪು, ತಂಪು. ನೋಡುವಾಗ ತೆಳ್ಳಗಿದ್ದದ್ದು ಕೈಗೆ ಭಾರವಾಗಿತ್ತು. ಆ ಭಾರ ಒಂದು ಕಡೆ ನಿಲ್ಲುವುದಲ್ಲ. ಎಡಗೈಯಲ್ಲಿದ್ದ ಬಿಗಿತ ನೋಡುವುದರೊಳಗೆ ಬಲಗೈಗೆ ಬರುತ್ತಿತ್ತು. ಹೊಟ್ಟೆಯ ಅಡಿಯ ಅಗಲ ಹುರುಪೆಗಳು ಒಂದರ ಹಿಂದೊಂದು ಅಂಗೈಯನ್ನು ಹಿಡಿದು ಬಿಡುವುದು, ಅದರ ಮೇಲೆ ಪಕ್ಕೆಲುಬುಗಳ ಸಾಲು ತೆರೆದು ಮುಚ್ಚುವುದು ಬೆರಳಿಗೆ ತಿಳಿಯುತ್ತಿತ್ತು. ಹಾವು ಕಾಲಿಲ್ಲದೆ ನಡೆಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದು ಬೇರೆ. ಅದು ನನ್ನ ಅಂಗೈಯನ್ನೇ ನೆಲ ಮಾಡಿಕೊಂಡು ನಡೆಯಲು ಹೊರಟದ್ದು ಬೇರೆ.

ಬಲೆ ಮೂರು ಕಡೆ ಇಳಿದಿತ್ತು. ಎಳೆದಲ್ಲಿ ಹುರುಪೆಗಳು ಬೇರೆಯಾಗಿ ಅವುಗಳ ನಡುವಿನ ಬಿಳಿಚಿದ ತೊಗಲು ಕಾಣುತ್ತಿತ್ತು, ಒಂದು ಕಡೆ ರಕ್ತ ಜಿನುಗಿತ್ತು. ಅತ್ತೆ ಚೊಂಬಿನಲ್ಲಿ ತಂದ ನೀರನ್ನು ಮಾಷ್ಟ್ರು ಆ ಜಾಗಕ್ಕೆ ಹನಿಸಿದರು. ಕತ್ತರಿಯ ಮೊಂಡು ತುದಿಯನ್ನು ದಾರದ ಕೆಳಗೆ ತೂರಿಸಿ, ಮೇಲಕ್ಕೆತ್ತಿ, ಒಂದೊಂದಾಗಿ ಕತ್ತರಿಸಿದರು. ಪ್ರತಿ ದಾರ ಕಡಿದಾಗಲೂ ಮೈ ಒಂದಿಷ್ಟು ಉಬ್ಬಿ ತನ್ನ ಅಳತೆಗೆ ಬರುತ್ತಿತ್ತು. ಅದಕ್ಕೆ ನಾವು ಬಿಡಿಸುತ್ತಿದ್ದೇವೆಂದು ಗೊತ್ತಿರಲಿಲ್ಲ. ಬಾಲದ ಬುಡದ ಗ್ರಂಥಿಯಿಂದ ಕೆಟ್ಟ ವಾಸನೆಯ ದ್ರವ ನನ್ನ ಮುಂಗೈ ಮೇಲೆಲ್ಲ ಬಿಟ್ಟಿತು. ಬೇರೆ ಉಪಾಯ ಕಾಣದ ಪ್ರಾಣಿ ಮಾಡುವ ಕೊನೆಯ ಕೆಲಸ ಅದು. ಕತೆಯಲ್ಲಿ ಕೊಳೆಸುವ ಬಾಲ ನನ್ನ ಮೊಣಕೈಗೆ ಸುತ್ತಿಕೊಂಡಿತ್ತು. ಆಸರೆ ಹುಡುಕಿ ಸುತ್ತಿಕೊಂಡದ್ದು, ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿರಲಿಲ್ಲ. ನನ್ನ ಕೈಯ ಬಿಸಿ ಅದರ ಮೈಗೆ ಇಳಿದು, ಮೊದಲಿದ್ದ ತಂಪು ಹೋಗಿತ್ತು.

ಹೆದರಿಕೆ ಎಲ್ಲಿ ಹೋಯಿತು ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ಹಾವಿನ ಹೆದರಿಕೆ ಇರುವುದು ನಮಗೂ ಅದಕ್ಕೂ ನಡುವಿನ ಜಾಗದಲ್ಲಿ. ಈಗ ಏನು ಮಾಡುತ್ತದೋ, ಎತ್ತ ಬರುತ್ತದೋ ಎಂದು ಕಣ್ಣು ಆ ಜಾಗವನ್ನು ತುಂಬುತ್ತಾ ಹೋಗುತ್ತದೆ. ಅಂಗೈಗೆ ಬಂದ ಮೇಲೆ ಆ ಜಾಗವೇ ಇರುವುದಿಲ್ಲ. ಅಲ್ಲಿ ಉಸಿರಾಡುವ, ದಣಿದ, ಗಾಯಗೊಂಡ ಒಂದು ಮೈ ಇರುತ್ತದೆ, ಕೈಗೆ ಅದನ್ನು ಬೀಳಿಸದಿರುವ ಕೆಲಸವಿರುತ್ತದೆ. ಎಳೆ ಮಗುವನ್ನು ಎತ್ತಿಕೊಂಡು ಗೊತ್ತಿರುವ ಕೈಗೆ ಆ ಕೆಲಸ ಹೊಸದೂ ಅಲ್ಲ.

ಬೇಲಿಯಾಚೆ ಹೊಳೆಬದಿಯ ಪೊದೆಯಲ್ಲಿ ಬಿಟ್ಟಾಗ ಅದು ತಿರುಗಿ ನೋಡಲಿಲ್ಲ. ಗಾಯ ಆರುತ್ತದೆಯೇ ಎಂದು ಕೇಳಿದೆ. ಎರಡು ಮೂರು ಪೊರೆ ಕಳಚುವುದರೊಳಗೆ ಸರಿಹೋಗಬಹುದು ಎಂದರು ಮಾಷ್ಟ್ರು. ಕೈಯ ವಾಸನೆ ಸೋಪಿಗೆ ಹೋಗಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದ ಮೇಲೆ ಹೋಯಿತು.

ಕೈಯಿಂದ ಹಾವನ್ನು ಬಲ್ಲವರ ವಿಷಯ ಬಂದಾಗ ತಮಿಳುನಾಡಿನ ಇರುಳರನ್ನು ನೆನೆಯದಿರಲಾಗುವುದಿಲ್ಲ. ಮಣ್ಣಿನ ಮೇಲಿನ ಜಾಡು ನೋಡಿ, ಬಿಲದ ಬಾಯಲ್ಲಿ ಬಿದ್ದ ಹುರುಪೆ ನೋಡಿ, ಹಾವು ಒಳಗಿದೆಯೋ ಇಲ್ಲವೋ ಹೇಳುತ್ತಾರೆ. ಕೈಯಲ್ಲಿ ಒಂದು ಹಾರೆಕೋಲು, ಅಷ್ಟೇ ಸಲಕರಣೆ. ಒಂದು ಕಾಲದಲ್ಲಿ ಅವರು ಹಿಡಿದ ಹಾವೆಲ್ಲ ಚರ್ಮದ ವ್ಯಾಪಾರಕ್ಕೆ ಹೋಗುತ್ತಿತ್ತು. ಹಾಗೆ ಹೋದವುಗಳಲ್ಲಿ ಕೇರೆಗಳೂ ಲೆಕ್ಕವಿಲ್ಲದಷ್ಟು. 1972ರ ಕಾಯ್ದೆ ಬಂದು ಆ ವ್ಯಾಪಾರ ನಿಂತಾಗ ಅವರ ಅನ್ನವೂ ನಿಂತಿತು. 1978ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಅವರ ನೆರವಿನಿಂದ ಚೆನ್ನೈ ಹತ್ತಿರ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ಈಗ ಅವರು ಹಿಡಿದ ಹಾವನ್ನು ಕೆಲವು ವಾರ ಮಡಕೆಯಲ್ಲಿಟ್ಟು, ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಕೊಟ್ಟು, ಕುದುರೆಯ ರಕ್ತದಿಂದ ತಯಾರಿಸುವುದೇ ನಮ್ಮ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ವಿಷನಿರೋಧಕ ಔಷಧಿ. 2023ರಲ್ಲಿ ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಬಂದಾಗ ನನಗೆ ನನ್ನ ಮನೆಯವರಿಗೇ ಬಂದಷ್ಟು ಸಂತೋಷವಾಯಿತು. ವಿಟೇಕರ್ ಆಮೇಲೆ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು 2024ರಲ್ಲಿ ಗೊತ್ತಾದಾಗ ವಿಜ್ಞಾನಿಗಳು ಅದಕ್ಕಿಟ್ಟ ಹೆಸರಿನಲ್ಲಿ ನಮ್ಮ 'ಕಾಳಿಂಗ' ಎಂಬ ಮಾತೇ ಇದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಅಷ್ಟೇ ಒತ್ತಿ ಹೇಳಬೇಕು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಗದ್ದೆ ತೋಟದಲ್ಲಿ ದುಡಿಯುವವರು. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಹಲವರಿಗೆ ಕಚ್ಚಿದ ನೋವೇ ತಿಳಿಯುವುದಿಲ್ಲ, ಹೊಟ್ಟೆನೋವು ಎಂದುಕೊಂಡು ಬೆಳಕು ಹರಿಯಲೆಂದು ಕಾಯುತ್ತಾರೆ. ವಿಷವಿಲ್ಲದ ತೋಳ ಹಾವು ಮೇಲುನೋಟಕ್ಕೆ ಅದರ ಹಾಗೆಯೇ ಇರುತ್ತದೆ. ಪಳಗಿದವರೂ ಒಮ್ಮೊಮ್ಮೆ ಎರಡರ ನಡುವೆ ತಪ್ಪಿದ್ದುಂಟು. ನಮ್ಮ ರಾಜ್ಯದಲ್ಲಿ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಅದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಲೆಕ್ಕವೇ ಇಲ್ಲದ ಕಡೆ ಯಾವ ಆಸ್ಪತ್ರೆಗೆ ಎಷ್ಟು ಔಷಧಿ ಬೇಕೆಂದು ಯಾರು ಹೇಳುವುದು?

ಆದ್ದರಿಂದ ಹಾವಿನ ಕುತ್ತಿಗೆ ಹಿಡಿದೆತ್ತಿ ಮೊಬೈಲಿನ ಮುಂದೆ ಆಡಿಸುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೋಡುವ ಮಕ್ಕಳಿಗೆ ಅದು ಧೈರ್ಯದ ಹಾಗೆ ಕಾಣುತ್ತದೆ. ಮಾಷ್ಟ್ರು ಕೆಲಸ ಮಾಡುವುದನ್ನು ನೋಡಿದರೆ ಅಲ್ಲಿ ಮುಟ್ಟುವುದೇ ಬಹಳ ಕಡಿಮೆ. ದಪ್ಪ ಬಟ್ಟೆಯ ಚೀಲದ ಬಾಯಿಗೆ ಪಿವಿಸಿ ಪೈಪಿನ ತುಂಡು ಕಟ್ಟುತ್ತಾರೆ. ಅದನ್ನು ಗೋಡೆಯ ಮೂಲೆಗೆ ಮಲಗಿಸಿ ಕೊಕ್ಕೆಯಿಂದ ಹಾವನ್ನು ಆ ಕಡೆಗೆ ಮೆಲ್ಲಗೆ ತಿರುಗಿಸುತ್ತಾರೆ. ಕತ್ತಲಿನ ತೂತು ಕಂಡ ಹಾವು ಬಿಲ ಸಿಕ್ಕಿತೆಂದು ತಾನಾಗಿ ಒಳಗೆ ಹೋಗುತ್ತದೆ. ಅಡುಗೆಮನೆಯ ಸೌದೆ ಮೂಲೆಯಿಂದ ನಾಗರವೊಂದನ್ನು ಅವರು ಹೀಗೆ ಚೀಲಕ್ಕೆ ಕಳಿಸಿದಾಗ ನೋಡಲು ಸೇರಿದವರಲ್ಲಿ ಕೆಲವರಿಗೆ ನಿರಾಸೆಯೇ ಆಯಿತು. ನನಗೆ ಅದಕ್ಕಿಂತ ಚೆಂದದ ಕೆಲಸ ಬೇರೆ ಕಂಡಿಲ್ಲ.

ನಾಗರಪಂಚಮಿಯ ದಿನ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ನಾನೂ ಹಾಲೆರೆಯುತ್ತೇನೆ. ಘಟ್ಟದ ಕೆಳಗಿನ ನಾಗಬನಗಳಿಗೆ ಹೋದಾಗ ಕೈ ಮುಗಿಯುತ್ತೇನೆ. ಆ ಹೆಸರಿನ ಬಲದಿಂದ ಎಷ್ಟು ಮರಗಳು ಕೊಡಲಿ ಕಾಣದೆ ಉಳಿದವು ಎಂಬುದು ಅಲ್ಲಿ ನಿಂತರೆ ಗೊತ್ತಾಗುತ್ತದೆ. ನಾಗರ ಸತ್ತದ್ದು ಕಂಡರೆ ಸಂಸ್ಕಾರ ಮಾಡುವ ಊರು ನಮ್ಮದು. ಆದರೆ ಕೇರೆಗೆ ಈ ಗೌರವದಲ್ಲಿ ಪಾಲಿಲ್ಲ. ನಾಗರಕ್ಕೆ ಹಾಲು, ಕೇರೆಗೆ ದೊಣ್ಣೆ. ಹಗಲು ಹೊತ್ತಿನಲ್ಲಿ ಓಡಾಡುವುದರಿಂದ ಎಲ್ಲರ ಕಣ್ಣಿಗೆ ಬೀಳುತ್ತದೆ, ಇಲಿ ಇರುವಲ್ಲಿಗೆ ಬರುವುದರಿಂದ ಮನೆಯ ಹತ್ತಿರವೇ ಇರುತ್ತದೆ. ಭತ್ತ, ಅಡಕೆ ಮರದ ಹಿಂಗಾರ, ತೆಂಗಿನ ಎಳೆಗಾಯಿ, ಇವನ್ನೆಲ್ಲ ಕಡಿಯುವ ಇಲಿಯನ್ನು ಬಿಲದೊಳಗೇ ಹೋಗಿ ಹಿಡಿಯುವ ಪ್ರಾಣಿ ಅದು. ಹೀಗೆ ಉಪಕಾರವಾಗುತ್ತದೆಂಬ ಕಾರಣಕ್ಕೇ ಅದನ್ನು ಉಳಿಸಬೇಕೆಂದು ಮೊದಲು ನಾನೂ ವಾದಿಸುತ್ತಿದ್ದೆ. ಈಗ ಆ ವಾದ ಹೇಳುವಾಗ ಪೂರ್ತಿ ಮನಸ್ಸಿರುವುದಿಲ್ಲ. ಮೊಣಕೈಗೆ ಸುತ್ತಿಕೊಂಡಿದ್ದ ಆ ಬಾಲಕ್ಕೆ ಇಲಿಯ ಲೆಕ್ಕ ಕೊಟ್ಟು ಬದುಕುವ ಹಂಗಿರಬಾರದು ಎನ್ನಿಸುತ್ತದೆ.

ಅಂದಿನಿಂದ ಊರಲ್ಲಿ ನನಗೆ ಹಾವು ಹಿಡಿಯಲು ಬರುತ್ತದೆಂದು ಸುದ್ದಿಯಾಗಿದೆ. ಅದೇ ಮಳೆಗಾಲದ ಕೊನೆಗೆ ಕೆಳಕೇರಿಯ ಹುಡುಗನೊಬ್ಬ ಓಡಿ ಬಂದ. "ಅಮ್ಮಾ, ನಮ್ಮ ಸೌತೆ ಬಲೇಲಿ ಸಿಕ್ಕಿದೆ, ನೀವು ಬಂದ್ರೆ ಬಿಡಿಸಬಹುದಂತೆ." ಹೋಗುವ ಮುಂಚೆಯೇ ಮಾಷ್ಟ್ರಿಗೆ ಫೋನು ಮಾಡಿ ಹೋದೆ. ಅಲ್ಲಿದ್ದದ್ದು ಕೊಳಕುಮಂಡಲ. ದಪ್ಪ ಮೈ, ಬೆನ್ನುದ್ದಕ್ಕೂ ಮೂರು ಸಾಲು ಕಂದು ಬಟ್ಟು, ಬುಸುಗುಡುವುದು ರಸ್ತೆಗೆ ಕೇಳುತ್ತಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕೋರಮಂಡಲ ಕರಾವಳಿಯಲ್ಲಿ ಹಾವುಗಳನ್ನು ಅಭ್ಯಾಸ ಮಾಡಿ 1796ರಲ್ಲಿ ಅವುಗಳ ಮೇಲೆ ದೊಡ್ಡ ಪುಸ್ತಕ ತಂದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರ ಹೆಸರನ್ನು ಇಂಗ್ಲಿಷಿನವರು ಈ ಹಾವಿಗೇ ಇಟ್ಟಿದ್ದಾರೆ. ನಮ್ಮಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಹಾವುಗಳಲ್ಲಿ ಇದೂ ಒಂದು. ಅದೂ ಅದೇ ದಾರದಲ್ಲಿ, ಕೇರೆಯ ಹಾಗೆಯೇ ಸಿಕ್ಕಿಬಿದ್ದಿತ್ತು, ಅದಕ್ಕೂ ಅಷ್ಟೇ ನೋವಾಗುತ್ತಿತ್ತು. ನಾನು ಅದರ ಹತ್ತಿರ ಹೋಗಲಿಲ್ಲ. ಮಕ್ಕಳನ್ನು ಹಿಂದಕ್ಕೆ ಕಳಿಸಿ, ಬಿಸಿಲು ಬೀಳದ ಹಾಗೆ ದೂರದಿಂದ ಉದ್ದ ಕೋಲಿನಲ್ಲಿ ಗೋಣಿಚೀಲ ಹೊದಿಸಿ, ಮಾಷ್ಟ್ರು ಬರುವವರೆಗೆ ಯಾರೂ ದೊಣ್ಣೆ ಎತ್ತದಂತೆ ನಿಂತೆ. ಅವರು ಒಳಗೆ ಕಾಣುವಂಥ ಪ್ಲಾಸ್ಟಿಕ್ ಕೊಳವೆಗೆ ಅದರ ತಲೆಯನ್ನು ಹೊಗಿಸಿ, ತಿರುಗಿ ಬರಲಾಗದಷ್ಟು ಒಳಗೆ ಹೋದ ಮೇಲೆ, ಜೊತೆಗೆ ಕರೆತಂದ ಇನ್ನೊಬ್ಬ ಪಳಗಿದ ಹುಡುಗನಿಂದ ದಾರ ಕತ್ತರಿಸಿದರು. ಕತ್ತರಿ ಮಾತ್ರ ನನ್ನದೇ.

ನಮ್ಮ ಮನೆಯಲ್ಲಿ ಈಗ ಬಲೆಯಿಲ್ಲ. ಅಡಕೆ ದಬ್ಬೆ ಸೀಳಿ ಒತ್ತೊತ್ತಾಗಿ ಬೇಲಿ ಕಟ್ಟಿದ್ದೇವೆ. ಎರಡು ವರ್ಷಕ್ಕೊಮ್ಮೆ ಹೊಸದು ಕಟ್ಟಬೇಕು, ಕೆಲಸ ಹೆಚ್ಚು. ನವಿಲು ಅದರ ಮೇಲಿಂದ ಹಾರಿ ಬರುವುದೂ ಉಂಟು, ಆಗ ಒಂದು ಮಡಿ ಹರಿವೆ ಹೋಗುತ್ತದೆ. ಬಲೆ ಬಿಡಲಾಗದವರಿಗೆ ನಾನು ಹೇಳುವುದಿಷ್ಟು: ನೆಲದಿಂದ ಒಂದು ಮೊಳ ಮೇಲಕ್ಕೆ ಎಳೆದು ಕಟ್ಟಿ, ಕೆಳಗಿನ ಜಾಗಕ್ಕೆ ದಬ್ಬೆಯನ್ನೋ ತಗಡನ್ನೋ ನಿಲ್ಲಿಸಿ. ಬೆಳೆ ಮುಗಿದ ಮೇಲೆ ಬಲೆಯನ್ನು ಬೇಲಿಬುಡದಲ್ಲಿ ಎಸೆಯದೆ ಸುತ್ತಿ ಅಟ್ಟಕ್ಕೆ ಹಾಕಿ. ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ ನೋಡಿ. ಏನಾದರೂ ಸಿಕ್ಕಿದ್ದರೆ ದೂರ ನಿಂತು, ಹಾವು ಬಲ್ಲವರಿಗೆ ಇಲ್ಲವೇ ಅರಣ್ಯ ಇಲಾಖೆಗೆ ಫೋನು ಮಾಡಿ. ನಂಬರನ್ನು ಮೊದಲೇ ಕೇಳಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ, ಮನೆಯ ಮಕ್ಕಳಿಗೂ ಕಾಣುವಷ್ಟು ದೊಡ್ಡದಾಗಿ.